ಲೇಹ್‌ಗೆ ಕೆಲಸಕ್ಕೆ ಹೋಗುವವರಿಗೆ
ಬೆಟ್ಟ ಇಷ್ಟ ಇದ್ದರೆ ಸಾಕು, ಲಡಾಖ್‌ನ ಲೇಹ್‌ನಲ್ಲಿ ಕೆಲಸ ಹುಡುಕಿಕೊಂಡು ಹೋಗಿಬಿಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸರ್. ನಾನು ರಾಯಚೂರಿನವನು, ರಸ್ತೆ ಕಾಮಗಾರಿಯಲ್ಲಿ ಎರಡು ವರ್ಷ ಅಲ್ಲಿದ್ದೆ. 42 ಡಿಗ್ರಿ ಬಿಸಿಲಲ್ಲಿ ಬೆಳೆದ ಮೈ ನಮ್ಮದು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ವಿಮಾನ ಇಳಿದ ದಿನ ಬ್ಯಾಗ್ ಹಿಡಿದು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು ಅಲ್ಲೇ ಕೂತುಬಿಟ್ಟೆ. ಮೊದಲ ಎರಡು ದಿನ ಎಲ್ಲೂ ಸುತ್ತಬೇಡಿ, ಸುಮ್ನೆ ಮಲಗಿ, ನೀರು ಜಾಸ್ತಿ ಕುಡಿಯಿರಿ. ಇಲ್ಲಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡೇ ಹೊರಡಿ. ಜನವರಿಯಲ್ಲಿ ನಲ್ಲಿ ನೀರು ಪೈಪಿನಲ್ಲೇ ಗಡ್ಡೆ ಕಟ್ಟುತ್ತದೆ. ಕೋಣೆ ಬೆಚ್ಚಗಾಗಲು ಬುಖಾರಿ ಅನ್ನೋ ಒಲೆ ಹಚ್ಚಿದರೆ ಹೊಗೆ ಹೊರಗೆ ಹೋಗುತ್ತಿದೆಯಾ ನೋಡಿಕೊಳ್ಳಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿ ಮಲಗಬೇಡಿ, ಜೀವಕ್ಕೇ ಅಪಾಯ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಆ ಒಣ ಹವೆಗೆ ಎರಡು ತಿಂಗಳು ಕೆಡಲಿಲ್ಲ, ಎಷ್ಟೋ ರಾತ್ರಿ ಅದೇ ನನ್ನ ಊಟ. ಹೋಗಲೇಬೇಡಿ ಅಂತಲ್ಲ. ಭಾನುವಾರ ನಿಮ್ಮು ಅನ್ನೋ ಹಳ್ಳಿಯ ಹತ್ತಿರ ಸಿಂಧೂ, ಝನ್ಸ್ಕಾರ್ ನದಿಗಳು ಎರಡು ಬಣ್ಣದಲ್ಲಿ ಬಂದು ಕೂಡುವುದನ್ನು ನೋಡುತ್ತಾ ಕೂತರೆ ಎದ್ದು ಬರಲು ಮನಸ್ಸೇ ಆಗುತ್ತಿರಲಿಲ್ಲ. ನಮ್ಮ ಕಡೆಯ ಹುಡುಗರು ಹೋಗಲಿ, ಆದರೆ ಮೊದಲ ಸಲ ಮೇ-ಜೂನ್‌ನಲ್ಲೇ ಹೋಗಲಿ.