ಸ್ಪಷ್ಟನೆ: 'ಎರಡು ರೊಟ್ಟಿ' ಎಂದರೆ ಎಷ್ಟು ಎಂದು ಎಐ ಏಜೆಂಟ್‌ಗೆ ಹೇಳಲೇಬೇಕು

ವಿಜಯಪುರದ ನಮ್ಮ ಗೆಳೆಯರ ನಡುವೆ ಒಂದು ಮಾತು ಓಡಾಡುತ್ತಿದೆ: "ಊಟದ ಲೆಕ್ಕ ಇಡುವ ಎಐ ಏಜೆಂಟ್‌ಗೆ ಎಲ್ಲಾ ಗೊತ್ತಿರುತ್ತೆ, ಟೂಲ್‌ಗಳಿಗೆ ವಿವರಣೆ ಬರೆಯೋದು ಸುಮ್ನೆ ಕೆಲಸ." ಇದು ತಪ್ಪು. (ಏಜೆಂಟ್ ಅಂದರೆ ನಮ್ಮ ಪರವಾಗಿ ಕೆಲಸ ಮಾಡುವ ಎಐ ಪ್ರೋಗ್ರಾಂ; ಟೂಲ್ ಅಂದರೆ ಕ್ಯಾಲರಿ ಲೆಕ್ಕದಂಥ ಒಂದೊಂದು ಕೆಲಸಕ್ಕೆ ಅದು ಬಳಸುವ ಪುಟ್ಟ ಪ್ರೋಗ್ರಾಂ.)

ಏಜೆಂಟ್ ಸಾಮಾನ್ಯವಾಗಿ ಟೂಲ್‌ನ ಒಳಗಿನ ಕೋಡ್ ನೋಡುವುದಿಲ್ಲ. ಹೆಸರು, ವಿವರಣೆ, ಯಾವ ಮಾಹಿತಿ ಯಾವ ರೂಪದಲ್ಲಿ ಬೇಕು, ಇಷ್ಟನ್ನೇ ಓದಿ ಅದನ್ನು ಬಳಸುತ್ತದೆ. ಎಐಯನ್ನು ಟೂಲ್‌ಗಳಿಗೆ ಜೋಡಿಸಲು 2024ರ ನವೆಂಬರ್‌ನಲ್ಲಿ ಬಂದ ಸಾಮಾನ್ಯ ನಿಯಮಾವಳಿ, ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲೂ ಹೀಗೇ.

ನಮ್ಮ ಊಟವನ್ನೇ ನೋಡಿ. "ಎರಡು ಜೋಳದ ರೊಟ್ಟಿ ತಿಂದೆ" ಎನ್ನುತ್ತೀರಿ. ಟೂಲ್ ಕೇಳುವ 'ಪ್ರಮಾಣ' ಅಂದರೆ ಗ್ರಾಮೋ, ಎಣಿಕೆಯೋ ಎಂದು ವಿವರಣೆಯಲ್ಲಿ ಇಲ್ಲದಿದ್ದರೆ ಏಜೆಂಟ್ ಬರೀ 2 ಎಂದು ಕಳಿಸಬಹುದು. ಟೂಲ್ ಅದನ್ನು 2 ಗ್ರಾಂ ಎಂದುಕೊಂಡರೆ ಲೆಕ್ಕ ಸುಮಾರು 7 ಕ್ಯಾಲರಿ! ತಲಾ 50 ಗ್ರಾಂ ಹಿಟ್ಟಿನ ಎರಡು ರೊಟ್ಟಿಗೆ ನಿಜಕ್ಕೂ 330ರ ಆಸುಪಾಸು ಆಗುತ್ತದೆ. ಸಕ್ಕರೆ ಕಾಯಿಲೆಯವರು ಇಂಥ ಲೆಕ್ಕ ನಂಬಿದರೆ ಎಷ್ಟು ಅಪಾಯ, ಅಲ್ವಾ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ 528 ಆಹಾರಗಳ ಪಟ್ಟಿಯೂ 100 ಗ್ರಾಂ ಲೆಕ್ಕದಲ್ಲೇ ಇದೆ. ಹಾಗಾಗಿ ಒಂದು ರೊಟ್ಟಿಗೆ ಎಷ್ಟು ಗ್ರಾಂ ಹಿಟ್ಟು ಎಂಬುದನ್ನು ವಿವರಣೆಯಲ್ಲಿ ಬರೆಯಲೇಬೇಕು. ಗೊತ್ತಿಲ್ಲದಿದ್ದರೆ ಊಟ ಮಾಡಿದವರನ್ನು ಕೇಳು, ಊಹಿಸಬೇಡ ಎಂದೂ ಸೇರಿಸಿ.