ಗಾಜಿಗೆ ಮಂಜು ಹಿಡಿದಾಗ ಪರದೆ ಯೋಚಿಸುತ್ತಾ ಕುಳಿತರೆ

ಹೊಸ ಕಾರು ತಂದವರು ಬಾನೆಟ್ ಎತ್ತಿ ತೋರಿಸುವ ಕಾಲ ಹೋಯಿತು. ಈಗ ನಮ್ಮನ್ನು ಒಳಗೆ ಕೂರಿಸಿ ಟಚ್‌ಸ್ಕ್ರೀನ್ ಪರದೆ ತೋರಿಸುತ್ತಾರೆ. ಹತ್ತು ಇಂಚು, ಹನ್ನೆರಡು ಇಂಚು ಎಂದು ಅಳತೆ ಹೇಳುತ್ತಾರೆ. ಒತ್ತಿದರೆ ಎಷ್ಟು ಬೇಗ ಓಗೊಡುತ್ತದೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಕೊಡಗಿನ ಮಳೆಗಾಲದಲ್ಲಿ ಕಾರು ಓಡಿಸುವವರು ಮೊದಲು ಕೇಳಬೇಕಾದದ್ದು ಅದನ್ನೇ ಎಂದು ನನಗೆ ಅನ್ನಿಸುತ್ತದೆ.

ಸಂಪಾಜೆ ಘಾಟಿ ಹತ್ತುವಾಗಿನ ಪಾಡನ್ನೇ ನೋಡಿ. ಹೊರಗೆ ಬಿಡದೆ ಹೊಡೆಯುವ ಮಳೆ, ಒಳಗೆ ಒದ್ದೆ ಬಟ್ಟೆಯ ನಾಲ್ಕು ಜನ, ಕಾಲಬುಡದಲ್ಲಿ ನೀರಿಳಿಯುವ ಕೊಡೆಗಳು. ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ. ಹಳೆಯ ಕಾರಿನಲ್ಲಾದರೆ ಕಣ್ಣು ರಸ್ತೆಯ ಮೇಲಿರುವಾಗಲೇ ಕೈ ಹೋಗಿ ನಾಬ್ ತಿರುಗಿಸಿಬಿಡುತ್ತಿತ್ತು. ನನ್ನ ಈಗಿನ ಕಾರಿನಲ್ಲಿ ಗಾಜಿನ ಮಂಜು ಬಿಡಿಸುವ ಡಿಫಾಗರ್ ಪರದೆಯೊಳಗೆ ಅಡಗಿದೆ. ಮ್ಯಾಪ್ ಸರಿಸಿ, ಎ.ಸಿ. ಪುಟ ತೆರೆದು, ಚಿತ್ರವನ್ನು ಒತ್ತಬೇಕು. ಒತ್ತಿದರೆ ಏನೂ ಆಗುವುದಿಲ್ಲ. ಬೆರಳು ತಾಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತುತ್ತೇನೆ. ಅಷ್ಟರಲ್ಲಿ ಮೊದಲ ಒತ್ತು ಅದಕ್ಕೆ ಅರ್ಥವಾಗಿ ಗಾಳಿ ಶುರುವಾಗುತ್ತದೆ. ಹಿಂದೆಯೇ ಎರಡನೆಯದೂ ಅರ್ಥವಾಗಿ ಗಾಳಿ ನಿಲ್ಲುತ್ತದೆ! ಗಂಟೆಗೆ 40 ಕಿ.ಮೀ. ವೇಗದಲ್ಲೂ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಎದುರಿನ ತಿರುವಿನಲ್ಲಿ ಮಂಗಳೂರಿಗೆ ಹೊರಟ ಬಸ್ಸು ಇಳಿದು ಬರುತ್ತಿದೆಯೋ ಇಲ್ಲವೋ ಕಾಣದ ಹೊತ್ತಿನಲ್ಲಿ ಈ ಆಟ.

ಬೆರಳು ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಈ ಪರದೆಗಳು ಬೆರಳನ್ನು ಗುರುತಿಸುವುದು ವಿದ್ಯುತ್ತಿನ ಸಣ್ಣ ವ್ಯತ್ಯಾಸದಿಂದ. ನೀರಿನ ಹನಿಯೂ ಅಂಥದೇ ವ್ಯತ್ಯಾಸ ಮಾಡುತ್ತದೆ, ಪರದೆಗೆ ಗೊಂದಲವಾಗುತ್ತದೆ.

ಉತ್ತರ ತಡವಾದರೆ ಎರಡನೆಯ ಬಾರಿ ಒತ್ತುವುದು ಮನುಷ್ಯಸಹಜ. ಹತ್ತನೇ ಒಂದು ಸೆಕೆಂಡಿನೊಳಗೆ ಉತ್ತರ ಬಂದರೆ ಮನಸ್ಸಿಗೆ ಅದು ತಕ್ಷಣವೆನಿಸುತ್ತದೆ, ಒಂದು ಸೆಕೆಂಡ್ ದಾಟಿದರೆ ಯೋಚನೆಯ ಎಳೆ ಕಡಿಯುತ್ತದೆ ಎಂದು ಕಂಪ್ಯೂಟರ್ ಬಳಕೆ ಸುಲಭವಾಗಿಸುವ ವಿಷಯದ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ಅದು ಮೇಜಿನ ಮುಂದೆ ಕಂಪ್ಯೂಟರ್ ಹಿಡಿದು ಕುಳಿತವರ ಲೆಕ್ಕ. ಸ್ಟಿಯರಿಂಗ್ ಹಿಡಿದವರಿಗೆ ಅಷ್ಟೂ ಬಿಡುವಿಲ್ಲ. ಸ್ವೀಡನ್ನಿನ ‘ವಿ ಬಿಲೆಗಾರೆ’ ಪತ್ರಿಕೆ 2022ರಲ್ಲಿ ಹೊಸ ಕಾರುಗಳನ್ನೂ 2005ರ ಒಂದು ವೋಲ್ವೋ ವಿ70 ಕಾರನ್ನೂ ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸಿ ಪರೀಕ್ಷಿಸಿತು. ರೇಡಿಯೊ ಹಾಕುವುದು, ಗಾಜಿನ ಮಂಜು ಬಿಡಿಸುವುದು ಮುಂತಾದ ಕೆಲಸಗಳು. ಚಾಲಕರಿಗೆ ಮೊದಲೇ ಅಭ್ಯಾಸಕ್ಕೆ ಸಮಯ ಕೊಟ್ಟಿದ್ದರು. ಗುಂಡಿಗಳ ಹಳೆಯ ವೋಲ್ವೋದಲ್ಲಿ ಎಲ್ಲವೂ 10 ಸೆಕೆಂಡಿನಲ್ಲಿ ಮುಗಿಯಿತು. ಕೊನೆಯ ಸ್ಥಾನ ಪಡೆದ ಹೊಸ ಕಾರಿಗೆ 44.9 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಅದು 1,372 ಮೀಟರ್ ಓಡಿತ್ತು.

ಪರದೆ ಬೇಡವೇ ಬೇಡ ಎನ್ನುವವನು ನಾನಲ್ಲ. ಒಂದು ಬದಿ ಎತ್ತರದ ಮಣ್ಣಿನ ಬರೆ, ಇನ್ನೊಂದು ಬದಿ ಚರಂಡಿ ಇರುವ ತೋಟದ ದಾರಿಯಲ್ಲಿ ಹಿಂದಕ್ಕೆ ತೆಗೆಯುವಾಗ ರಿವರ್ಸ್ ಕ್ಯಾಮೆರಾ ದೇವರಂತೆ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇರ್ ಹಾಕಿದರೆ ಪರದೆಯಲ್ಲಿ ಕಂಪನಿಯ ಲಾಂಛನ ಹೊಳೆಯುತ್ತಾ ಕುಳಿತಿರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ಹಿಂದೆ ಓಡಾಡುತ್ತಿರುವ ಹೊತ್ತು ಅದು. ಅಮೆರಿಕದಲ್ಲಿ ರಿವರ್ಸ್ ಗೇರ್ ಹಾಕಿದ 2 ಸೆಕೆಂಡಿನೊಳಗೆ ಹಿಂದಿನ ದೃಶ್ಯ ಮೂಡಲೇಬೇಕು ಎಂಬ ನಿಯಮ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಇದೆ. ಹಿಂದಕ್ಕೆ ಬಂದ ವಾಹನಕ್ಕೆ ಮಕ್ಕಳು ಸಿಕ್ಕಿದ ಮೇಲೆ ಆದ ಕಾನೂನು.

ಇಷ್ಟು ದುಡ್ಡು ಕೊಟ್ಟ ಕಾರಿನ ಪರದೆ ಅಗ್ಗದ ಮೊಬೈಲಿಗಿಂತ ನಿಧಾನ ಏಕೆ? ಬಿಸಿಲು, ಚಳಿ, ಕುಲುಕಾಟ ತಾಳುವ ಚಿಪ್‌ ಬೇಕು, ಅದನ್ನು ಕಾರು ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ ಆರಿಸಿರುತ್ತಾರೆ. ಹಾಡು, ಮ್ಯಾಪ್, ಕ್ಯಾಮೆರಾ, ಎ.ಸಿ. ಎಲ್ಲವನ್ನೂ ಅದರ ತಲೆಗೇ ಕಟ್ಟುತ್ತಾರೆ. ಮೊಬೈಲನ್ನು ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ. ಇಲ್ಲಿನ ತೋಟಗಳಲ್ಲಿ ತಂದೆ ಕೊಂಡ ಜೀಪನ್ನು ಮಗ ಓಡಿಸುತ್ತಾನೆ. ಆ ಜೀಪಿನ ವೈಪರ್ ಸ್ವಿಚ್ ಕೆಟ್ಟರೆ ಗೋಣಿಕೊಪ್ಪದಲ್ಲೇ ರಿಪೇರಿಯಾಗುತ್ತದೆ. ಟೆಸ್ಲಾ 2021ರಲ್ಲಿ ಸುಮಾರು 1,35,000 ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಪರದೆಯ ಹಿಂದಿನ ಮೆಮೊರಿ ಚಿಪ್ ಮತ್ತೆ ಮತ್ತೆ ಮಾಹಿತಿ ಬರೆಸಿಕೊಂಡು ಸವೆದು, ರಿವರ್ಸ್ ಕ್ಯಾಮೆರಾ ಮತ್ತು ಮಂಜು ಬಿಡಿಸುವ ವ್ಯವಸ್ಥೆ ಎರಡೂ ಕೈಕೊಡುವ ಸಂಭವವಿತ್ತು.

ಯುರೋಪಿನಲ್ಲಿ ಗಾಳಿ ತಿರುಗಿದೆ. ಇಂಡಿಕೇಟರ್, ಹಝಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆಯ ಎಸ್‌ಒಎಸ್ — ಇವಕ್ಕೆ ಕೈಗೆ ಸಿಗುವ ಸ್ವಿಚ್ ಇಲ್ಲದಿದ್ದರೆ 2026ರಿಂದ ಪೂರ್ಣ ಅಂಕ ಕೊಡುವುದಿಲ್ಲ ಎಂದು ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆ ಯುರೋ ಎನ್‌ಕ್ಯಾಪ್ 2024ರಲ್ಲಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಡಿಫಾಗರ್ ಇರಲಿಲ್ಲ. ಮಡಿಕೇರಿಯಲ್ಲಿ ಒಂದು ಮಳೆಗಾಲ ಕಳೆದವರು ಬರೆದಿದ್ದರೆ ಅದೇ ಮೊದಲ ಸಾಲಿನಲ್ಲಿರುತ್ತಿತ್ತು.

ನನ್ನ ದೂರಿಗೆ ಸರ್ವಿಸ್ ಸೆಂಟರಿನ ಹುಡುಗ ಕೊಟ್ಟ ಉತ್ತರ, “ಅಪ್‌ಡೇಟ್ ಬರುತ್ತದೆ ಸರ್.” ಬಂತು. ಲಾಂಛನ ಇನ್ನಷ್ಟು ಚೆಂದವಾಗಿ ಹೊಳೆಯತೊಡಗಿತು.

ಆದ್ದರಿಂದ ಕಾರು ನೋಡುವವರು ಟೆಸ್ಟ್ ಡ್ರೈವನ್ನು ಮಳೆಯ ದಿನವೇ ಕೇಳಿ. ಸ್ಟಾರ್ಟ್ ಮಾಡಿದೊಡನೆ ರಿವರ್ಸ್ ಹಾಕಿ ನೋಡಿ. ಮ್ಯಾಪೂ ಹಾಡೂ ಓಡುತ್ತಿರುವಾಗ ಒದ್ದೆ ಬೆರಳಿನಲ್ಲಿ ಡಿಫಾಗರ್ ಒತ್ತಿ. ಬುಕಿಂಗ್ ಹಣ ಕೊಡುವ ಮೊದಲೇ ಇದೆಲ್ಲ ಆಗಬೇಕು. ಈಗ ಸಿಗುವ ಕಾರುಗಳಲ್ಲಿ ಎ.ಸಿ.ಗೆ ನಾಬ್ ಉಳಿಸಿಕೊಂಡಿರುವವು ಯಾವುವು ಎಂದು ಗೊತ್ತಿದ್ದವರು ಕೆಳಗೆ ಬರೆಯಿರಿ. ವಿರಾಜಪೇಟೆಯ ನಮ್ಮ ಭಾವ ಈ ತಿಂಗಳೇ ಬುಕ್ ಮಾಡುವ ಆತುರದಲ್ಲಿದ್ದಾರೆ, ಅವರೂ ಪರದೆಯ ಇಂಚು ಅಳೆಯುತ್ತಿದ್ದಾರೆ.