ರೋಮ್‌ನಲ್ಲಿ ಒಂದೇ ದಿನ, ಅದೂ 42 ಜನರ ಜೊತೆ

ಗ್ರೂಪ್ ಟೂರಲ್ಲಿ ಹೋಗಿ ನೋಡಿದ್ದು ನೋಡಿದ ಲೆಕ್ಕಕ್ಕೇ ಬರಲ್ಲ ಅನ್ನೋರ ಮಾತು ಕೇಳಿದಾಗೆಲ್ಲ ನಂಗೆ ನಿಜವಾಗ್ಲೂ ಬೇಜಾರಾಗತ್ತೆ. ನಮ್ಮಮ್ಮಂಗೆ 69 ವರ್ಷ, ಮಂಡಿ ನೋವು, ಕನ್ನಡ ಬಿಟ್ರೆ ಬೇರೆ ಭಾಷೆ ಅಷ್ಟಕ್ಕಷ್ಟೆ. ವೀಸಾ, ಹೋಟ್ಲು, ಬಸ್ಸು, ಹೊತ್ತಿಗೆ ಸರಿಯಾಗಿ ಊಟ ಎಲ್ಲಾ ಇನ್ನೊಬ್ಬರು ನೋಡ್ಕೊಂಡಿದ್ದಕ್ಕೇ ಅವಳು ರೋಮ್ ತನಕ ಹೋಗಿ ಬಂದ್ಳು. ಹಾಗಾಗಿ ಗ್ರೂಪ್ ಟೂರ್ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ನಾನು ಹೇಳೋದು ಇಷ್ಟೇ, ಒಂದು ಊರಿಗೆ ಸಿಗೋದು ಒಂದೇ ದಿನ, ಆ ದಿನಾನ ಇಡೀ ಅವರ ಕೈಗೆ ಕೊಟ್ಟು ಕೂತ್ಕೋಬೇಡಿ. ಒಂದು ಗಂಟೆ ನಿಮಗೆ ಅಂತ ಇಟ್ಕೊಳ್ಳಿ, ಅದನ್ನ ಹಿಂದಿನ ದಿನಾನೇ ಕೇಳಿ ಇಟ್ಕೊಳ್ಳಿ.

ಇದು ನಂಗೆ ಹೊಳೆದಿದ್ದು ಟೂರ್ ಮುಗಿಯೋಕೆ ಬಂದಾಗ. ಅಷ್ಟೊತ್ತಿಗೆ ನಾಲ್ಕೈದು ಊರು ಆಗಿತ್ತು, ಎಲ್ಲಾ ಕಡೆ ಒಂದೇ ಕಥೆ, ಬಸ್ ಇಳಿ, ನಡಿ, ಫೋಟೋ ತಗೋ, ಎಣಿಸ್ಕೋ, ಬಸ್ ಹತ್ತು. ಫ್ಲಾರೆನ್ಸ್‌ನಲ್ಲಿ ಅಮ್ಮ ಬಸ್ಸಿಂದ ಇಳೀಲೇ ಇಲ್ಲ. "ನೀನು ಹೋಗಿ ಫೋಟೋ ತಕ್ಕೊಂಡ್ ಬಾ, ಅದನ್ನೇ ನೋಡ್ತೀನಿ" ಅಂದ್ಳು. ಅಷ್ಟು ಆಸೆ ಇಟ್ಕೊಂಡು, ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಬಂದೋಳು ಸೀಟಲ್ಲಿ ಕೂತು ಕಿಟಕಿ ಪರದೆ ಸರಿಸ್ತಾ ಇದ್ದಿದ್ದು ನೋಡಿ ಹೊಟ್ಟೇಲಿ ಸಂಕಟ ಆಯ್ತು. ಆವತ್ತು ರಾತ್ರಿ ಹೋಟ್ಲಲ್ಲಿ ಐಟಿನರಿ ಹಾಳೆ, ಅಂದ್ರೆ ಯಾವತ್ತು ಎಲ್ಲೆಲ್ಲಿ ಅಂತ ಬರೆದಿರೋದು, ಅದನ್ನ ತೆಗೆದು ರೋಮ್ ಅಂತ ಇದ್ದ ಪುಟಾನ ಒಂದೊಂದೇ ಸಾಲು ಓದ್ದೆ.

ನೀವೂ ಓದಿ, ದಯವಿಟ್ಟು. ಅದರಲ್ಲಿ ಬರೋ ಪದಗಳಿಗೆ ಬೇರೆ ಬೇರೆ ಅರ್ಥ ಇದೆ. 'ವಿಸಿಟ್' ಅಂತ ಇದ್ರೆ ಸಾಮಾನ್ಯವಾಗಿ ಒಳಗೆ ಕರ್ಕೊಂಡು ಹೋಗ್ತಾರೆ, ಆದ್ರೂ ಟಿಕೆಟ್ ಸೇರಿದ್ಯಾ ಅಂತ ಬಾಯಿಬಿಟ್ಟು ಕೇಳ್ಬೇಕು. 'ಔಟ್‌ಸೈಡ್ ವ್ಯೂ', 'ಫೋಟೋ ಸ್ಟಾಪ್' ಅಂದ್ರೆ ಇಳಿದು ಹದಿನೈದು ಇಪ್ಪತ್ತು ನಿಮಿಷ, ಅಷ್ಟೇ. 'ಡ್ರೈವ್ ಪಾಸ್ಟ್', 'ಪನೋರಮಿಕ್ ಟೂರ್' ಅಂದ್ರೆ ಬಸ್ ನಿಲ್ಲೋದೇ ಡೌಟು. ನಮ್ಮ ಹಾಳೇಲಿ ರೋಮ್ ಕೆಳಗೆ ಎಂಟು ಜಾಗ ಇತ್ತು, ಒಳಗೆ ಹೋಗೋದು ಅಂತ ಇದ್ದಿದ್ದು ವ್ಯಾಟಿಕನ್‌ನ ದೊಡ್ಡ ಚರ್ಚ್ ಸೇಂಟ್ ಪೀಟರ್ಸ್ ಒಂದೇ. ಹಳೇ ರೋಮನ್ನರ ಕ್ರೀಡಾಂಗಣ ಕೊಲೋಸಿಯಂ ಹೊರಗಿಂದ, ದೊಡ್ಡ ಗುಮ್ಮಟ ಇರೋ ಅವರ ಹಳೇ ದೇವಸ್ಥಾನ ಪ್ಯಾಂಥಿಯನ್, ಅದೂ ಹೊರಗಿಂದ. ಇದರಲ್ಲಿ ಮೋಸ ಏನಿಲ್ಲ, ಬರೆದೇ ಇದ್ರು, ನಾವು ಓದಿರ್ಲಿಲ್ಲ.

ಎಂಟನ್ನೂ ಸರಿಯಾಗಿ ನೋಡೋಕಾಗಲ್ಲ ಅನ್ನೋದು ಗೊತ್ತಾದ್ಮೇಲೆ ಯಾವುದನ್ನ ಕೂತು ನೋಡೋದು ಅಂತ ಅಮ್ಮನ್ನೇ ಕೇಳಿದೆ. ಮೊಬೈಲಲ್ಲಿ ಒಂದೊಂದರ ಫೋಟೋ ತೋರಿಸ್ದೆ. ಪ್ಯಾಂಥಿಯನ್ ಚಾವಣಿ ಮಧ್ಯದ ತೂತು ನೋಡಿ "ಇದು ಮುರಿದಿರೋದಾ, ಬೇಕು ಅಂತ ಬಿಟ್ಟಿರೋದಾ?" ಅಂದ್ಳು. ಸರಿ, ಅದೇ ಅಂತ ತೀರ್ಮಾನ ಆಯ್ತು. ಎಲ್ಲಾ ವೆಬ್‌ಸೈಟಲ್ಲೂ ನಂಬರ್ ಒನ್ ಅಂತ ಹಾಕಿರೋ ಜಾಗಾನೇ ಆರಿಸ್ಕೋಬೇಕು ಅಂತೇನಿಲ್ಲ, ನೋಡಿದ ತಕ್ಷಣ ಮನಸ್ಸಲ್ಲಿ ಒಂದು ಪ್ರಶ್ನೆ ಏಳತ್ತಲ್ಲ, ಆ ಜಾಗ ಆರಿಸ್ಕೊಳ್ಳಿ.

ಆಮೇಲೆ ಟೂರ್ ಮ್ಯಾನೇಜರ್ ಹತ್ರ ಹೋದೆ. ಇದೇ ಮುಖ್ಯ, ಹಿಂದಿನ ರಾತ್ರೀನೇ ಹೋದೆ. ಬೆಳಿಗ್ಗೆ ದಾರೀಲಿ 42 ಜನಾನ ಎಣಿಸ್ತಾ ಇರೋ ಹುಡುಗನ್ನ ತಡೆದು ನಿಲ್ಲಿಸಿ "ನಾವು ಬೇರೆ ಹೋಗ್ತೀವಿ" ಅಂದ್ರೆ ಅವನು ಆಗಲ್ಲ ಅಂತಾನೆ, ಅನ್ನಲೇಬೇಕು, ಒಬ್ಬರು ತಪ್ಪಿಸ್ಕೊಂಡ್ರೂ ಜವಾಬ್ದಾರಿ ಅವನದೇ. ರಾತ್ರಿ ನಿಧಾನಕ್ಕೆ ಕೂತು, ಎಲ್ಲಿ ಗುಂಪು ಬಿಡ್ತೀವಿ, ಎಷ್ಟೊತ್ತಿಗೆ ಎಲ್ಲಿ ಸೇರ್ಕೋತೀವಿ, ಲೇಟಾದ್ರೆ ಕಾಯಬೇಡಿ, ನಾವೇ ಟ್ಯಾಕ್ಸೀಲಿ ಬರ್ತೀವಿ ಅಂತ ಹೇಳಿದೆ. "ಇದನ್ನೇ ಮೆಸೇಜಲ್ಲಿ ಹಾಕಿ ಮೇಡಮ್, ಊಟದ ಜಾಗದ ಲೊಕೇಶನ್ ಕಳಿಸ್ತೀನಿ" ಅಂದ. ಮುಗೀತು, ಐದು ನಿಮಿಷದ ಕೆಲಸ. ಇಷ್ಟು ದಿನ ಯಾಕೆ ಕೇಳಿರ್ಲಿಲ್ಲ ಅಂತ ಆಮೇಲೆ ಎಷ್ಟು ಸಲ ಅನ್ಕೊಂಡೆ.

ಬೆಳಿಗ್ಗೆ ಗುಂಪಿನ ಜೊತೇನೇ ವ್ಯಾಟಿಕನ್. ಅಲ್ಲಿ ಗುಂಪು ಬಿಡೋದು ಬೇಡ, ಸೆಕ್ಯುರಿಟಿ ಕ್ಯೂ ಇದೆ, ಭುಜ ಮಂಡಿ ಮುಚ್ಚೋ ಬಟ್ಟೆ ಇಲ್ದಿದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ, ಒಳಗೇನಿದೆ ಅಂತ ಹೇಳೋಕೆ ಲೋಕಲ್ ಗೈಡ್ ಬೇಕು. ಹೆಡ್‌ಸೆಟ್ ಕೊಟ್ಟಿರ್ತಾರಲ್ಲ, ಗೈಡ್ ಕಾಲ ಹಿಂದೆನೇ ಓಡೋ ಅಗತ್ಯ ಇಲ್ಲ, ನೆರಳಲ್ಲಿ ನಿಂತ್ಕೊಂಡು ಕೇಳಬಹುದು, ಶಬ್ದ ಗರಗರ ಅನ್ನೋಕೆ ಶುರುವಾದ್ರೆ ದೂರ ಆಯ್ತು ಅಂತ ಅರ್ಥ. ಕ್ಯೂ ಸೇರೋ ಮುಂಚೆ ಐದು ನಿಮಿಷ ಸಿಕ್ರೆ, ಸೇಂಟ್ ಪೀಟರ್ಸ್ ಮುಂದಿನ ಚೌಕದ ಮಧ್ಯ ಇರೋ ಒಬೆಲಿಸ್ಕ್‌ಗೂ (ಎತ್ತರದ ಚೂಪು ಕಲ್ಲುಕಂಬ) ಕಾರಂಜಿಗೂ ನಡುವೆ ನೆಲದಲ್ಲಿ ಒಂದು ದುಂಡು ಕಲ್ಲು ಹಾಕಿದಾರೆ, ಅದನ್ನ ಹುಡುಕಿ. ಸುತ್ತ 284 ಕಂಬ, ನಾಲ್ಕು ಸಾಲು, ಬರ್ನಿನಿ ಅನ್ನೋ ಶಿಲ್ಪಿ ವಿನ್ಯಾಸ ಮಾಡಿದ್ದು. ಆ ಕಲ್ಲಿನ ಮೇಲೆ ನಿಂತು ನೋಡಿದ್ರೆ ನಾಲ್ಕೂ ಸಾಲು ಒಂದರ ಹಿಂದೊಂದು ಮರೆಯಾಗಿ ಒಂದೇ ಸಾಲು ಕಾಣತ್ತೆ, ಒಂದು ಹೆಜ್ಜೆ ಪಕ್ಕಕ್ಕಿಟ್ರೆ ಮತ್ತೆ ನಾಲ್ಕೂ ಬಿಚ್ಕೋತವೆ. ಅಮ್ಮ ಹತ್ತಿ ಇಳಿದು ಹತ್ತಿ ಇಳಿದು ಮೂರು ಸಲ ನೋಡಿದ್ಳು.

ಆಮೇಲೆ ನಡಿಗೆ. ರೋಮ್‌ನ ಹಳೇ ಊರೊಳಗೆ ದೊಡ್ಡ ಟೂರಿಸ್ಟ್ ಬಸ್ ಬಿಡಲ್ಲ, ದೂರ ಇಳಿಸ್ತಾರೆ, ಅಲ್ಲಿಂದ ನಡೀಲೇಬೇಕು. ರಸ್ತೆಗೆ ಹಾಸಿರೋದು ಕಪ್ಪು ಚಿಕ್ಕ ಚಿಕ್ಕ ಕಲ್ಲು, ಉಬ್ಬುತಗ್ಗು, ತೆಳು ಚಪ್ಪಲಿ ಹಾಕ್ಕೊಂಡಿದ್ರೆ ಪಾದ ಸತ್ತೇ ಹೋಗತ್ತೆ. ವಯಸ್ಸಾದವರಿಗೆ ದಯವಿಟ್ಟು ದಪ್ಪ ಅಡಿ ಇರೋ ಶೂ ಕೊಡಿಸಿ, ಅದೂ ಹೊರಡೋ ಹಿಂದಿನ ದಿನ ಕೊಡಿಸ್ಬೇಡಿ, ಒಂದು ತಿಂಗಳು ಮೊದಲೇ ಹಾಕ್ಕೊಂಡು ನಡೆದು ಅಭ್ಯಾಸ ಆಗಿರ್ಬೇಕು. ನೀರಿಗೆ ಮಾತ್ರ ದುಡ್ಡು ಕೊಡೋ ಅಗತ್ಯಾನೇ ಇಲ್ಲ, ಬೀದಿ ಬೀದೀಲಿ 'ನಸೋನೆ' ಅಂತ ಕಬ್ಬಿಣದ ನಲ್ಲಿ ಕಂಬ ಇದಾವೆ, 1874ರಿಂದ ಹಾಕ್ತಾ ಬಂದಿರೋದು, ಊರಲ್ಲಿ ಸುಮಾರು 2500 ಇವೆ, ತಣ್ಣಗಿರೋ ಕುಡಿಯೋ ನೀರು ಸುರೀತಾನೇ ಇರತ್ತೆ. ಬಾಟ್ಲಿ ಇಲ್ಲ ಅಂದ್ರೆ ಕೆಳಗಿನ ಬಾಯಿಗೆ ಬೆರಳಿಟ್ಟು ಒತ್ತಿ, ಮೇಲೆ ಒಂದು ಸಣ್ಣ ತೂತಿದೆ, ಅಲ್ಲಿಂದ ನೀರು ಮೇಲಕ್ಕೆ ಚಿಮ್ಮತ್ತೆ, ಬಗ್ಗದೆ ಕುಡೀಬಹುದು. ಮಂಡಿ ನೋವಿರೋರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಅಮ್ಮ ಕುಡಿದಾಗ ಗೊತ್ತಾಯ್ತು.

ಪ್ಯಾಂಥಿಯನ್ ಮುಂದೆ ಗೈಡ್ ಮೇಲಿನ ಬರಹ ತೋರಿಸಿ, ಇದನ್ನ ಕಟ್ಟಿಸಿದ್ದು ಅಗ್ರಿಪ್ಪ ಅನ್ನೋ ರೋಮನ್ ಸೇನಾಪತಿ ಅಂತ ಕೆತ್ತಿದೆ, ಆದ್ರೆ ಅವನು ಕಟ್ಟಿಸಿದ್ದು ಉಳೀಲಿಲ್ಲ, ಈಗಿರೋದು ಹೇಡ್ರಿಯನ್ ಚಕ್ರವರ್ತಿ ಕಾಲದ್ದು, ಹಳೇ ಹೆಸರನ್ನೇ ಮತ್ತೆ ಕೆತ್ತಿಸಿದಾರೆ ಅಂತ ಹೇಳಿದ್ರು. ಎಲ್ಲರೂ ಫೋಟೋ ತಗೊಂಡು ಟ್ರೆವಿ ಕಾರಂಜಿ ಕಡೆ ಹೊರಟ್ರು. ನಾವಿಬ್ರು ಟಿಕೆಟ್ ತಗೊಂಡ್ವಿ, 2023ರಿಂದ ಟಿಕೆಟ್ ಇಟ್ಟಿದಾರೆ, ನಾವು ಹೋದಾಗ ತಲೆಗೆ 5 ಯೂರೋ.

ಒಳಗೆ ಬೆಂಚಿದೆ. ಈಗ ಇದು ಚರ್ಚ್ ಅಲ್ವಾ, ಹಾಗಾಗಿ ಕೂರೋಕೆ ಜಾಗ ಇದೆ. ಸ್ಪಾನಿಷ್ ಸ್ಟೆಪ್ಸ್ ಅಂತ ಊರಲ್ಲಿ ಹೆಸರಾದ ಮೆಟ್ಟಿಲಿದೆ, ಅದರ ಮೇಲೆ ಕೂತ್ರೆ 2019ರಿಂದ ದಂಡ ಹಾಕ್ತಾರೆ, 250 ಯೂರೋವರೆಗೂ, ಹಾಗಾಗಿ ರೋಮ್‌ನಲ್ಲಿ ಸುಸ್ತಾದ್ರೆ ಮೆಟ್ಟಿಲು ಹುಡುಕಬೇಡಿ, ಚರ್ಚ್ ಹುಡುಕಿ, ಬಹಳಷ್ಟು ಚರ್ಚ್‌ಗೆ ಟಿಕೆಟ್ಟೂ ಇಲ್ಲ. ನಾವು ಕೂತಾಗ ಹನ್ನೊಂದೂವರೆ ಆಗಿರ್ಬೇಕು, ಮೇ ತಿಂಗಳು. ಮೇಲಿನ ತೂತಿಂದ ಬಿಸಿಲು ಬಂದು ಬಾಗಿಲ ಕಡೆ ಗೋಡೆ ಮೇಲೆ ದೊಡ್ಡ ತಟ್ಟೆ ಥರ ಬಿದ್ದಿತ್ತು. ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ಆ ತೂತಿನ ತನಕ ಎತ್ತರಾನೂ ಅಷ್ಟೇ, ಅಂದ್ರೆ ಒಂದು ಚೆಂಡು ಸರಿಯಾಗಿ ಕೂರೋ ಹಾಗೆ ಕಟ್ಟಿದಾರೆ. ಒಳಗೆ ಕಬ್ಬಿಣದ ಕಂಬಿ ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿನಲ್ಲಿ ಇದೇ ದೊಡ್ಡದು, ಕಟ್ಟಿ 1900 ವರ್ಷ ಆಗಿದೆ. ಮೇಲೆ ಹೋಗ್ತಾ ಹೋಗ್ತಾ ಗೋಡೆ ತೆಳು ಮಾಡಿ, ಹಗುರವಾದ ಕಲ್ಲು ಬೆರೆಸಿ ಭಾರ ಇಳಿಸಿದಾರೆ. ಅಮ್ಮನ ಪ್ರಶ್ನೆಗೆ ಉತ್ತರ ನೆಲದಲ್ಲಿತ್ತು. ಮಳೆ ನೀರು ಹೋಗೋಕೆ ಮಧ್ಯದಲ್ಲಿ ಪುಟ್ಟ ಪುಟ್ಟ ತೂತು ಕೊರೆದಿದಾರೆ, ನೆಲ ಸ್ವಲ್ಪ ಇಳಿಜಾರಾಗಿದೆ, ಅಂದ್ರೆ ಚಾವಣಿ ತೂತು ಬೇಕು ಅಂತಾನೇ ಬಿಟ್ಟಿದ್ದು. ಅದನ್ನ ತೋರಿಸಿದಾಗ ಅವಳ ಮುಖ ನೋಡ್ಬೇಕಿತ್ತು.

ಸುಮ್ನೆ ಕೂತಿದ್ವಿ. ಗುಂಪುಗಳು ಬರ್ತಿದ್ವು, ತಲೆ ಎತ್ತಿ ನೋಡ್ತಿದ್ವು, ಹೋಗ್ತಿದ್ವು. ಮುಕ್ಕಾಲು ಗಂಟೆ ಕಳೆದು ಏಳೋ ಹೊತ್ತಿಗೆ ಆ ಬಿಸಿಲಿನ ತಟ್ಟೆ ಗೋಡೆಯಿಂದ ಇಳಿದು ನೆಲದ ಅಮೃತಶಿಲೆ ಮೇಲೆ ಬಂದು ಕೂತಿತ್ತು. ಅದು ಸರಿದಿದ್ದನ್ನ ನಾವು ನೋಡಿದ್ವಿ. ಹದಿನೈದು ನಿಮಿಷಕ್ಕೆ ಬಂದು ಹೋದೋರಿಗೆ ಅದು ಅಲ್ಲಾಡೋದೇ ಗೊತ್ತಾಗಲ್ಲ. ಊರಿಗೆ ಬಂದ್ಮೇಲೆ ಅಮ್ಮ ಚಿಕ್ಕಮ್ಮಂಗೆ ಫೋನಲ್ಲಿ ಹೇಳಿದ್ದು ಪೂರ್ತಿ ಇದೇ. "ಬಿಸಿಲು ಗೋಡೆ ಇಳ್ಕೊಂಡು ನೆಲಕ್ಕೆ ಬಂತು ಕಣೇ, ನಾನು ಕೂತಿದ್ದ ಹಾಗೇ." ಉಳಿದ ಊರುಗಳ ಹೆಸರು ಅವಳಿಗೆ ಈಗ ಕಲಸಿ ಹೋಗಿದೆ.

ಟ್ರೆವಿಯಿಂದ ಊಟದ ಜಾಗಕ್ಕೆ ಗುಂಪಿಗಿಂತ ಹತ್ತು ನಿಮಿಷ ಮೊದಲೇ ಹೋಗಿ ಕೂತಿದ್ವಿ. ಹೌದು, ಟ್ರೆವೀನೂ ಆಯ್ತು, ಪ್ಯಾಂಥಿಯನ್‌ನಿಂದ ನಿಧಾನಕ್ಕೆ ನಡೆದ್ರೂ ಹದಿನೈದು ನಿಮಿಷದೊಳಗೆ. ಜನಸಾಗರ, ಅಮ್ಮ ಬಲಗೈಯಿಂದ ಎಡಭುಜದ ಮೇಲೆ ಒಂದು ನಾಣ್ಯ ಎಸೆದ್ಳು, ಆ ದುಡ್ಡನ್ನ ತೆಗೆದು ಬಡವರಿಗೆ ಸಹಾಯ ಮಾಡೋ ಸಂಸ್ಥೆಗೆ ಕೊಡ್ತಾರೆ ಅಂದಿದ್ದಕ್ಕೆ ಇನ್ನೊಂದು ಎಸೆದ್ಳು. ಕ್ರಿಸ್ತಪೂರ್ವ 19ರಲ್ಲಿ ಈ ಕಾರಂಜಿಯ ನೀರನ್ನ ಕಾಲುವೆ ಮಾಡಿ ಊರಿಗೆ ತಂದವನೂ ಪ್ಯಾಂಥಿಯನ್ ಮೇಲೆ ಹೆಸರಿರೋ ಆ ಅಗ್ರಿಪ್ಪಾನೇ.

ಸಂಜೆ ಕೊಲೋಸಿಯಂ, ಹೊರಗಿಂದ ಇಪ್ಪತ್ತು ನಿಮಿಷ. ಒಳಗೆ ಹೋಗೋಕೆ ಹೆಸರು ಹಾಕಿ, ಟೈಮ್ ಸ್ಲಾಟ್ ಹಿಡಿದು ಮೊದಲೇ ಟಿಕೆಟ್ ಮಾಡಿಸಿರ್ಬೇಕು, ಅಲ್ಲಿ ಹೋಗಿ ಆಸೆಪಟ್ರೆ ಆಗಲ್ಲ. ಆದ್ರೆ ಹೊರಗೆ ನೋಡೋರಿಗೂ ಒಂದು ವಿಷ್ಯ ಇದೆ, ಕಮಾನುಗಳ ಮೇಲೆ ನಂಬರ್. ಒಟ್ಟು 80 ಬಾಗಿಲು, ಅದರಲ್ಲಿ 76ಕ್ಕೆ ನಂಬರ್ ಕೊಟ್ಟಿದ್ರು, ಆ ಕಾಲದ ಜನ ತಮ್ಮ ಟಿಕೆಟಲ್ಲಿರೋ ನಂಬರ್ ನೋಡ್ಕೊಂಡು ಆ ಬಾಗಿಲಿಂದ ಒಳಗೆ ಹೋಗ್ಬೇಕಿತ್ತು. ಎತ್ತರದ ಗೋಡೆ ಉಳಿದಿರೋ ಕಡೆ 23ರಿಂದ 54ರ ತನಕ ಇವತ್ತಿಗೂ ಓದಬಹುದು. ನಾವು ರೋಮನ್ ಅಂಕೀಲಿ 'ಎಲ್ ಐ ಐ', ಅಂದ್ರೆ 52, ಅದನ್ನ ಹುಡುಕಿದ್ವಿ. ನಮ್ಮ ಗುಂಪಿನ ಮಕ್ಕಳೂ ಸೇರ್ಕೊಂಡು ಎಣಿಸೋಕೆ ಶುರು ಮಾಡಿದ್ರು.

ಒಂದು ಕೋಪದ ವಿಷ್ಯಾನೂ ಹೇಳ್ಬೇಕು. ಬಸ್ಸಿಗೆ ಲೇಟಾಗಿ ಬರೋರು. ಹತ್ತು ನಿಮಿಷ ತಾನೇ ಅಂತಾರೆ, ಆದ್ರೆ ಯುರೋಪಲ್ಲಿ ಬಸ್ ಡ್ರೈವರ್‌ಗೆ ಕಾನೂನು ಪ್ರಕಾರ ದಿನಕ್ಕೆ 11 ಗಂಟೆ ವಿಶ್ರಾಂತಿ ಕೊಡ್ಬೇಕು, ವಾರದಲ್ಲಿ ಕೆಲವೇ ಸಲ ಅದನ್ನ 9ಕ್ಕೆ ಇಳಿಸಬಹುದು. ಎಲ್ಲಾ ದಾಖಲಾಗತ್ತೆ, ಅವರು ಅಡ್ಜಸ್ಟ್ ಮಾಡ್ಕೊಳ್ಳೋಕಾಗಲ್ಲ. ಶಾಪಿಂಗಲ್ಲಿ ಇಬ್ಬರು ಮಾಡಿದ ನಲವತ್ತು ನಿಮಿಷ ಲೇಟಿಂದ ನಮ್ಮ ಪಿಯಾತ್ಸಾ ನವೋನಾ ಅನ್ನೋ ಚೌಕ ನೋಡೋದು ತಪ್ಪಿಹೋಯ್ತು, ಅಲ್ಲಿರೋ ಮೂರು ಕಾರಂಜಿ ನೋಡ್ಬೇಕು ಅಂತ ಕಾದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಕಿಟಕಿ ಕಡೆ ಮುಖ ಮಾಡಿ ಕೂತ್ಬಿಟ್ರು. ನಿಮ್ಮ ಒಂದು ಗಂಟೇನ ಕೇಳಿ ತಗೊಳ್ಳಿ, ಬೇರೆಯವರದ್ದನ್ನ ಕೇಳದೆ ತಗೋಬೇಡಿ.

ಈಗ ಇದನ್ನೆಲ್ಲ ಬರೀತಿರೋದು ಯಾಕಂದ್ರೆ ನಮ್ಮ ಅತ್ತಿಗೆ ಇದೇ ಥರ ಟೂರ್ ಹೊರಟಿದಾರೆ. ನಿನ್ನೆ ಮನೆಗೆ ಹೋಗಿ ಅವರ ಐಟಿನರಿ ನೋಡ್ದೆ. ಅವರಿಗೆ ಪ್ಯಾಂಥಿಯನ್ ಬೇಡ, ಮೈಕೆಲಾಂಜೆಲೊ ಕೆತ್ತಿದ ಪಿಯೆತಾ ಬೇಕು, ಮಡಿಲಲ್ಲಿ ಮಗ ಯೇಸುವಿನ ದೇಹ ಇಟ್ಕೊಂಡಿರೋ ತಾಯಿ ಮೇರಿಯ ಶಿಲ್ಪ. ಅದರ ಮುಂದೆ ಅರ್ಧ ಗಂಟೆ ನಿಲ್ಲಬೇಕಂತೆ. ಸೇಂಟ್ ಪೀಟರ್ಸ್ ಒಳಗೆ ಹೋದ ತಕ್ಷಣ ಬಲಗಡೆ, ಗಾಜಿನ ಹಿಂದೆ ಇದೆ, ಕಷ್ಟ ಇಲ್ಲ. ಆದ್ರೆ ಅವರ ವ್ಯಾಟಿಕನ್ ದಿನ ಬುಧವಾರ ಬೆಳಿಗ್ಗೆ ಬಿದ್ದಿದೆ. ಪೋಪ್ ಊರಲ್ಲಿದ್ರೆ ಬುಧವಾರ ಬೆಳಿಗ್ಗೆ ಜನರಿಗೆ ದರ್ಶನ ಕೊಡ್ತಾರೆ, ಅದು ಚೌಕದಲ್ಲಿ ನಡೆದ್ರೆ ತುಂಬಾ ಕುರ್ಚಿ ಹಾಕಿರ್ತಾರೆ, ಮುಗಿಯೋ ತನಕ ನಮ್ಮಂಥೋರಿಗೆ ಸೇಂಟ್ ಪೀಟರ್ಸ್ ಒಳಗೆ ಬಿಡಲ್ಲ. ಇವತ್ತೇ ಟೂರ್ ಆಫೀಸಿಗೆ ಫೋನ್ ಮಾಡಿ, ಅದನ್ನ ಮಧ್ಯಾಹ್ನಕ್ಕೆ ಹಾಕೋಕಾಗತ್ತಾ ಕೇಳಿ ಅತ್ತಿಗೆ ಅಂದಿದೀನಿ.